ಒಣಗಿ ನಿಂತ ಕಾರ್ವಿ ಕಡಿಯಬೇಡಿ ಅಂತ ಸೊಸೈಟಿಯವರಿಗೆ ಹೇಗೆ ಹೇಳಲಿ?

ಬಾಲ್ಕನಿ ತೋಟ (ಠಾಣೆ), 2025 ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು.

ನಾವಿರುವುದು ಠಾಣೆಯಲ್ಲಿ, ಯೇವೂರ್ ಗುಡ್ಡದ ಬುಡದಲ್ಲಿ. ಕಟ್ಟಡದ ಹಿಂದೆ ನಮ್ಮ ಸೊಸೈಟಿಗೆ, ಅಂದರೆ ಕಟ್ಟಡದ ನಿವಾಸಿಗಳ ಸಂಘಕ್ಕೆ, ಸೇರಿದ ಒಂದು ಸಣ್ಣ ಇಳಿಜಾರು ಇದೆ. ಅದು ಮುಗಿದರೆ ಕಾಡಿನ ಗೋಡೆ. ಆಚೆಗೆಲ್ಲ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಈ ಇಳಿಜಾರಿನ ತುಂಬಾ ಕಾರ್ವಿ ಗಿಡ. ಹೋದ ವರ್ಷ, ಅಂದರೆ 2024ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ, ಅಡುಗೆಮನೆ ಕಿಟಕಿ ತೆಗೆದರೆ ಬರೀ ನೀಲಿ ನೇರಳೆ ಬಣ್ಣ. ಕುಕ್ಕರ್ ಕೂಗುವ ತನಕ ಸುಮ್ನೆ ನೋಡುತ್ತಾ ನಿಂತಿರುತ್ತಿದ್ದೆ. ಜೇನ್ನೊಣದ ಗುಂಯ್ ಸದ್ದು ಒಳಗೂ ಕೇಳುತ್ತಿತ್ತು.

ಈಗ ಅದೇ ಜಾಗ ಪೂರ್ತಿ ಒಣಗಿ ಕಂದು ಬಣ್ಣಕ್ಕೆ ಬಂದಿದೆ. ಆಳೆತ್ತರದ ಕಡ್ಡಿಗಳು, ತುದಿಯಲ್ಲಿ ಒಣ ತೆನೆ. ಸೊಸೈಟಿ ಮೀಟಿಂಗಿನಲ್ಲಿ ಅದನ್ನು 'ಕಚರಾ', ಅಂದರೆ ಕಸ, ಅಂದರು. ಮಳೆಗೆ ಮುಂಚೆ ಕಡಿಸಿ, ಜಾಗ ಸಪಾಟು ಮಾಡಿ, ಹುಲ್ಲಿನ ಚಾಪೆ ಹಾಸಿ ಬೆಂಚು ಇಡುತ್ತಾರಂತೆ. ಗುತ್ತಿಗೆಯವರು ಬಂದು ಅಳತೆಯನ್ನೂ ತೆಗೆದುಕೊಂಡು ಹೋದರು.

ಒಂದು ತೆನೆ ಕಿತ್ತು ತಂದು ನೋಡಿದೆ. ಕೈಗೆ ಅಂಟು ಅಂಟಾಯಿತು, ವಾಸನೆಯೂ ಜೋರು. ಸೋಪು ಹಾಕಿ ಎರಡು ಸಲ ತೊಳೆದರೂ ಹೋಗಲಿಲ್ಲ. ಆದರೆ ಒಳಗೆ ಗಟ್ಟಿ ಕಾಯಿಗಳಿವೆ. ಕಾಯಿಯೊಳಗೆ ಬೀಜ ಇದೆ. ಅಂದಮೇಲೆ ಇದು ಸತ್ತ ಗಿಡ ಅಂತ ಹೇಗೆ ಹೇಳುವುದು? ಮುಂದಿನ ಸಲ ಹೂ ಬರುವುದು ಎಂಟು ವರ್ಷಕ್ಕೆ. ಬೀಜ ಬೀಳುವ ಮೊದಲೇ ಕಡಿದರೆ ಎಂಟಲ್ಲ, ಎಷ್ಟು ವರ್ಷ ಕಾದರೂ ಬರುವುದಿಲ್ಲ ಅಲ್ವಾ? ನನ್ನ ಮಾತು ಅಲ್ಲಿ ಯಾರಿಗೂ ನಾಟಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿಕೊಡಿ.

ಡೊಂಬಿವಲಿ ಲೋಕಲ್, ಮಾರ್ಚ್ 9

ಅಕ್ಕ, ಇದು ನೀಲಕುರಿಂಜಿ ಅಲ್ವಾ? ಅದು 12 ವರ್ಷಕ್ಕೊಮ್ಮೆ ಅಂತ ಕೇಳಿದ್ದೆ. ಠಾಣೆಯಲ್ಲೂ ಬೆಳೆಯುತ್ತದೆ ಅಂತ ಗೊತ್ತೇ ಇರಲಿಲ್ಲ.

ಮೂಡಿಗೆರೆ ಹುಡುಗಿ (ಗೋರೆಗಾಂವ್), ಮಾರ್ಚ್ 10

ಅಲ್ಲ, ಎರಡೂ ಬೇರೆ ಬೇರೆ ಜಾತಿ, ಆದರೆ ಒಂದೇ ಕುಲದವು, ಅಕ್ಕ ತಂಗಿ ಇದ್ದ ಹಾಗೆ. ಸ್ಟ್ರೊಬಿಲ್ಯಾಂಥಿಸ್ ಅನ್ನುವ ದೊಡ್ಡ ಕುಲ. ನೀಲಕುರಿಂಜಿ ಎತ್ತರದ ಶೋಲಾ ಹುಲ್ಲುಗಾವಲಿನದು. ಮುನ್ನಾರ್ ಹತ್ತಿರದ ಎರವಿಕುಳಂನಲ್ಲಿ 2006, 2018ರಲ್ಲಿ ಹೂ ಬಿಟ್ಟಿತ್ತು. ಇನ್ನು 2030ಕ್ಕೆ. ಕಾರ್ವಿ ಸಹ್ಯಾದ್ರಿಯ ಈ ಉತ್ತರ ಭಾಗದ್ದು. ಗಿಡ ಹೆಚ್ಚು ಎತ್ತರ, ಎಲೆ ದೊಡ್ಡದು ಮತ್ತು ಒರಟು. ಮುಂಬಯಿ ಸುತ್ತ 2008, 2016, 2024. ಲೆಕ್ಕ ಎಂಟು ವರ್ಷದ್ದು. ಕೊಂಕಣಿ, ಮರಾಠಿ ಎರಡರಲ್ಲೂ ಕಾರ್ವಿಯೇ. ನಮ್ಮ ಕಡೆ ಈ ಕುಲದ ಗಿಡಗಳಿಗೆ ಹಿರಿಯರು ಗುರಿಗೆ ಅನ್ನುತ್ತಿದ್ದರು. ಅಜ್ಜಿ 'ಗುರಿಗೆ ಹೂವಾದ ವರ್ಷ' ಅಂತಲೇ ಯಾರ್ಯಾರ ಮದುವೆ, ಯಾರ್ಯಾರ ಬಾಣಂತನ ಅಂತ ಲೆಕ್ಕ ಹೇಳುತ್ತಿದ್ದಳು.

2022ರಲ್ಲಿ ನಮ್ಮ ಬಾಬಾಬುಡನ್‌ಗಿರಿ ಕಡೆ ನೀಲಕುರಿಂಜಿ ಬಂತು. ನಾನು ರಜೆ ಹಾಕಿ ಊರಿಗೆ ಹೋದೆ. ಹೂ ನೋಡಿದ್ದಕ್ಕಿಂತ ಜಾಸ್ತಿ ನೋಡಿದ್ದು ವಾಹನಗಳ ಸಾಲು. ಜನ ಗಿಡದ ಮಧ್ಯೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೈತುಂಬಾ ಕಿತ್ತುಕೊಂಡು, ಕೆಳಗೆ ಬರುವಷ್ಟರಲ್ಲಿ ಬಾಡಿತು ಅಂತ ರಸ್ತೆ ಬದಿಗೆ ಎಸೆದಿದ್ದರು. ಬಾಳಲ್ಲಿ ಒಂದೇ ಸಲ ಹೂ ಬಿಡುವ ಗಿಡ ಅದು. ಒಂದು ಹೂ ಕಿತ್ತರೆ ಅಷ್ಟು ಬೀಜ ಹೋದ ಹಾಗೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ಕ, ನೀವು ಕೇಳಿದ್ದಕ್ಕೆ ಬರುತ್ತೇನೆ. ಗಿಡ ಸತ್ತಿದೆ, ನಿಜ. ಹೂ ಬಿಟ್ಟು ಕಾಯಿ ಕಟ್ಟಿದ ಮೇಲೆ ಕಾರ್ವಿ ಸಾಯುತ್ತದೆ. ಬಾಳೆ ಗೊನೆ ಹಾಕಿದ ಮೇಲೆ ಹೋಗುವುದಿಲ್ಲವಾ, ಹಾಗೆ. ವ್ಯತ್ಯಾಸ ಏನೆಂದರೆ ಬಾಳೆಗೆ ಬುಡದಲ್ಲಿ ಕಂದು ಇರುತ್ತದೆ, ಕಾರ್ವಿಗೆ ಇರುವುದು ಆ ತೆನೆಯಲ್ಲಿರುವ ಬೀಜ ಮಾತ್ರ. ಅದು ಕೆಳಗೆ ಬೀಳುವುದು ಮುಂದಿನ ಮಳೆಗೆ. ಅಲ್ಲಿತನಕ ಒಣ ಗಿಡವೇ ಅದರ ಕಣಜ.

ಪುಣೆ ಚಾರಣಿಗ, ಮಾರ್ಚ್ 10

ಚೆನ್ನಾಗಿ ಹೇಳಿದ್ರಿ. ಒಂದು ಮಾತು ಸೇರಿಸುತ್ತೇನೆ. ಎಲ್ಲ ಗುಡ್ಡದಲ್ಲೂ ಒಂದೇ ವರ್ಷ ಹೂ ಬರುತ್ತದೆ ಅಂತ ತಿಳಿಯಬೇಡಿ. ಮುಂಬಯಿ, ಠಾಣೆಯ ಲೆಕ್ಕ ಬೇರೆ, ನಮ್ಮ ಘಟ್ಟದ ಲೆಕ್ಕ ಬೇರೆ. ಒಂದು ಕೋಟೆಯ ಇಳಿಜಾರಿನಲ್ಲಿ ಹೂವಿದ್ದರೆ ಎದುರಿನ ಗುಡ್ಡ ಪೂರ್ತಿ ಹಸಿರಾಗಿರುತ್ತದೆ. ಸಾತಾರಾ ಹತ್ತಿರದ ಕಾಸ್ ಪಠಾರದಲ್ಲಿ (ಎತ್ತರದ ಬಯಲು) ಇನ್ನೊಂದು ಗಿಡ ಇದೆ, ಟೋಪಲಿ ಕಾರ್ವಿ. ಕುಳ್ಳಗೆ, ಬುಟ್ಟಿ ಬೋರಲು ಹಾಕಿದ ಹಾಗೆ ಗುಂಡಗೆ ಬೆಳೆಯುತ್ತದೆ. ಅದಕ್ಕೇ ಟೋಪಲಿ ಅನ್ನುವ ಹೆಸರು. ಅದೂ ವರ್ಷಗಟ್ಟಲೆ ಕಾಯಿಸಿ ಹೂ ಬಿಡುವುದೇ.

ಇನ್ನೊಂದು ವಿಷಯ, ಇದು ಮುಖ್ಯ. ಬೇಸಿಗೆಯಲ್ಲಿ ಬದುಕಿರುವ ಕಾರ್ವಿಯೂ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುತ್ತದೆ. ನೋಡಿದರೆ ಸತ್ತಿದೆ ಅನ್ನಿಸುತ್ತದೆ. ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ತೆನೆ ಇಲ್ಲದ, ಒಳಗೆ ಹಸಿರಿರುವ ಕಡ್ಡಿ ಸಿಕ್ಕರೆ ಅದು ಇನ್ನೂ ಹೂ ಬಿಡದ ಗಿಡ. ನಿಮ್ಮ ಇಳಿಜಾರಿನಲ್ಲಿ ಅಂಥವೂ ಇರಬಹುದು. ಗುತ್ತಿಗೆಯವರು ಕತ್ತಿ ಬೀಸಿದರೆ ಎರಡೂ ಹೋಗುತ್ತವೆ.

ಗುಡ್ಡದಲ್ಲಿ ಕಾಲು ಜಾರಿದಾಗ ನಾವು ಕೈ ಹಾಕಿ ಹಿಡಿಯುವುದು ಇದೇ ಕಡ್ಡಿಯನ್ನು. ಎಷ್ಟು ಸಲ ಉಳಿಸಿದೆಯೋ ಲೆಕ್ಕ ಇಲ್ಲ. ನಮ್ಮನ್ನೇ ಹಿಡಿದುಕೊಳ್ಳುವ ಬೇರು ಮಣ್ಣನ್ನು ಬಿಡುತ್ತದಾ? ಇಳಿಜಾರು ಬೋಳು ಮಾಡಿ ಹುಲ್ಲಿನ ಚಾಪೆ ಹಾಸಿದರೆ, ಜುಲೈ ಮಳೆಗೆ ಆ ಮಣ್ಣು ನಿಮ್ಮ ಪಾರ್ಕಿಂಗಿಗೆ ಬರುತ್ತದೆ. ಸೊಸೈಟಿಯವರಿಗೆ ಈ ಮಾತು ಮೊದಲು ಹೇಳಿ.

ಮುಲುಂಡ್ ಮಹಡಿ ಮನೆ, ಮಾರ್ಚ್ 11

ಬೇಜಾರು ಮಾಡಿಕೊಳ್ಳಬೇಡಿ, ನಾನು ಇನ್ನೊಂದು ಕಡೆಯ ಮಾತು ಹೇಳುತ್ತೇನೆ. ನಾನೂ ಕಾಡಿನ ಅಂಚಿನಲ್ಲೇ ಇರುವವನು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಯಾರೋ ಬೀಡಿ ಎಸೆದರೋ ಏನೋ. ರಾತ್ರಿ ಒಂದು ಗಂಟೆಗೆ ಎಲ್ಲರೂ ಬಕೆಟ್ ಹಿಡಿದು ಕೆಳಗೆ ಓಡಿದೆವು. ಗ್ಯಾಸ್ ಸಿಲಿಂಡರ್ ಇಟ್ಟ ಶೆಡ್ಡಿಗೆ 20 ಅಡಿ ದೂರದಲ್ಲಿ ಬೆಂಕಿ ಇತ್ತು. ನನ್ನ ತಾಯಿಗೆ ಉಸಿರಾಟದ ತೊಂದರೆ, ಆ ಹೊಗೆಯಲ್ಲಿ ಅವರನ್ನು ಏಳು ಮಹಡಿ ಇಳಿಸಿದ್ದು ನಾನು ಮರೆತಿಲ್ಲ.

ಒಣ ಕಾರ್ವಿ ಸೌದೆಯ ಹಾಗೆ ಉರಿಯುತ್ತದೆ. ನಿಮ್ಮ ಸೊಸೈಟಿಯವರ ಬೆಂಚು ಬಿಡಿ, ಬೆಂಕಿಯ ಹೆದರಿಕೆ ಮಾತ್ರ ಸುಳ್ಳಲ್ಲ. ಅದಕ್ಕೆ ಉತ್ತರ ಇಟ್ಟುಕೊಳ್ಳದೆ ಹೂವಿನ ಮಾತಾಡಿದರೆ ಯಾರೂ ಕೇಳುವುದಿಲ್ಲ.

ವಾಸ್ಕೋ ಮಲೆನಾಡಿಗ (ಗೋವಾ), ಮಾರ್ಚ್ 11

ಮುಲುಂಡ್ ಅಣ್ಣ ಹೇಳಿದ್ದು ಸರಿ. ಅದಕ್ಕೆ ಉತ್ತರವೂ ಇದೆ. ನಮ್ಮ ಅಪ್ಪ ಸಾಗರದ ಕಡೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದರು. ಜನವರಿ ಬಂದರೆ ಬೆಂಕಿ ರೇಖೆ ಮಾಡುವ ಕೆಲಸ. ಇಡೀ ಕಾಡು ಕಡಿಯುವುದಲ್ಲ. ಒಂದು ಪಟ್ಟಿಯಷ್ಟು ಅಗಲಕ್ಕೆ ಗಿಡ, ತರಗೆಲೆ ತೆಗೆದು ನೆಲ ಬರಿದು ಮಾಡುವುದು. ಬೆಂಕಿ ಅಲ್ಲಿಗೆ ಬಂದರೆ ತಿನ್ನಲು ಏನೂ ಇರುವುದಿಲ್ಲ, ನಿಲ್ಲುತ್ತದೆ.

ಕಾಂಪೌಂಡಿಗೆ ತಾಗಿದ ಹಾಗೆ ಒಂದು 15 ಅಡಿ ಅಗಲಕ್ಕೆ ತೆರವು ಮಾಡಿಸಿ. ಅಲ್ಲಿ ಕಡಿದ ಕಡ್ಡಿಯ ತೆನೆಗಳನ್ನು ಮುರಿದು ಮೇಲಿನ ಭಾಗದಲ್ಲಿ ಗಿಡಗಳ ಮಧ್ಯೆ ಹರಡಿ. ಬೀಜವೂ ಉಳಿಯಿತು, ಮನೆಯೂ ಉಳಿಯಿತು. ತರಗೆಲೆ ಮಾತ್ರ ವಾರಕ್ಕೊಮ್ಮೆ ಗುಡಿಸಲೇಬೇಕು, ಅದರಲ್ಲಿ ಸೋಮಾರಿತನ ಮಾಡಬಾರದು. ಕಾಡಿನ ಗೋಡೆಯ ಆಚೆ ಯಾರೂ ಕೈ ಹಾಕುವ ಹಾಗಿಲ್ಲ. ಅದು ರಾಷ್ಟ್ರೀಯ ಉದ್ಯಾನ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಗುತ್ತಿಗೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಜೇನುಗೂಡು (ಪುಣೆ), ಮಾರ್ಚ್ 12

ಜೇನಿನ ವಿಷಯ ಯಾರೂ ಎತ್ತಲಿಲ್ಲವಲ್ಲ! ಮಹಾಬಳೇಶ್ವರದ ಕಡೆ ಜೇನು ಸಾಕುವವರು ಕಾರ್ವಿ ವರ್ಷಕ್ಕೆ ಕಾದು ಕೂತಿರುತ್ತಾರೆ. ಆ ವರ್ಷ ತುಪ್ಪ ಜಾಸ್ತಿ. ಬಣ್ಣ ಗಾಢ, ಸಾಮಾನ್ಯ ಜೇನಿಗಿಂತ ಮಂದ. ನನ್ನ ಹತ್ತಿರ ಒಂದು ಬಾಟಲಿ ಇದೆ. ಚಮಚ ಓರೆ ಮಾಡಿದರೆ ತಕ್ಷಣ ಇಳಿಯುವುದಿಲ್ಲ, ಒಂದು ದಾರದ ಹಾಗೆ ನಿಧಾನಕ್ಕೆ ಬರುತ್ತದೆ. ರುಚಿಯ ಕೊನೆಯಲ್ಲಿ ಒಂದು ಚೂರು ಒಗರು. ಮೊಮ್ಮಗಳಿಗೆ ಮೊದಲ ಸಲ ಕೊಟ್ಟಾಗ ಬೆಲ್ಲದ ಪಾಕ ಅಂದುಕೊಂಡಳು.

ಡೊಂಬಿವಲಿ ಲೋಕಲ್, ಮಾರ್ಚ್ 12

ಒಂದು ಡೌಟು. ಎಲ್ಲ ಗಿಡವೂ ಒಟ್ಟಿಗೇ ಯಾಕೆ ಹೂ ಬಿಡಬೇಕು? ವರ್ಷಕ್ಕೆ ಸ್ವಲ್ಪ ಸ್ವಲ್ಪ ಬಿಟ್ಟರೆ ಸುರಕ್ಷಿತ ಅಲ್ವಾ?

ವಾಸ್ಕೋ ಮಲೆನಾಡಿಗ, ಮಾರ್ಚ್ 12

ಬಿದಿರನ್ನು ನೆನೆಸಿಕೊಳ್ಳಿ ತಮ್ಮ. ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಇಲಿ, ಹಕ್ಕಿ, ಹುಳು ಎಲ್ಲವನ್ನೂ ತಿಂದು ಮುಗಿಸುತ್ತವೆ. ಎಷ್ಟೋ ವರ್ಷ ಏನೂ ಕೊಡದೆ, ಒಂದೇ ಸಲ ರಾಶಿ ಸುರಿದರೆ ತಿಂದೂ ತಿಂದೂ ಮಿಗುತ್ತದೆ. ಮಿಕ್ಕಿದ್ದು ಮೊಳೆಯುತ್ತದೆ. ಅಕ್ಕಪಕ್ಕದ ಗಿಡಗಳೆಲ್ಲ ಒಟ್ಟಿಗೆ ಅರಳಿದರೆ ಜೇನ್ನೊಣಕ್ಕೂ ಪರಾಗ ಸಾಗಿಸುವುದು ಸುಲಭ.

ಬಿದಿರಿನಲ್ಲಿ ಇದು ಮನುಷ್ಯರಿಗೂ ತಟ್ಟುತ್ತದೆ. ಮಿಜೋರಾಂನಲ್ಲಿ ಒಂದು ಬಗೆಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಆ ಬೀಜ ತಿಂದು ಇಲಿಗಳು ವಿಪರೀತ ಹೆಚ್ಚಿ, ಬೀಜ ಮುಗಿದ ಮೇಲೆ ಗದ್ದೆಗೆ ನುಗ್ಗುತ್ತವೆ. 1959ರಲ್ಲಿ ಅಲ್ಲಿ ದೊಡ್ಡ ಬರ ಬಂದದ್ದು ಹಾಗೆಯೇ. ನಮ್ಮ ಕಡೆಯೂ ಬಿದಿರು ಹೂ ಬಿಟ್ಟರೆ ಬರಗಾಲ ಅಂತ ಹಿರಿಯರು ಹೆದರುತ್ತಿದ್ದರು. ಹೆದರುತ್ತಲೇ ಬುಡ ಗುಡಿಸಿ ಬಿದಿರಕ್ಕಿ ಒಟ್ಟುಮಾಡಿ ಗಂಜಿ ಕಾಯಿಸುತ್ತಿದ್ದರು. ಅಪ್ಪ ತಂದ ಬಿದಿರಕ್ಕಿಯ ಪಾಯಸ ನಾನು ಒಂದೇ ಸಲ ತಿಂದಿದ್ದೇನೆ.

ಕಾರ್ವಿ ಇಲ್ಲಿ ಚೋರ್ಲಾ ಘಾಟಿನ ಕಡೆಯೂ ಇದೆ. ಅದು ಬಿದಿರಿಗಿಂತ ಒಂದು ಹೆಜ್ಜೆ ಮುಂದೆ. ಬೀಜವನ್ನು ಸುಮ್ನೆ ಉದುರಿಸುವುದಿಲ್ಲ. ಮಳೆ ಬರುವ ತನಕ ಗಟ್ಟಿ ಕಾಯೊಳಗೆ ಬೀಗ ಹಾಕಿ ಇಟ್ಟಿರುತ್ತದೆ.

ನಿವೃತ್ತ ಮೇಷ್ಟ್ರು (ಮಾಟುಂಗಾ), ಮಾರ್ಚ್ 13

ತಾಯಿ, ನೀವು ಸೊಸೈಟಿ ಮೀಟಿಂಗಿನಲ್ಲಿ ಭಾಷಣ ಮಾಡಬೇಡಿ. ನಾನು 31 ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಬಾಯಿ ಮಾತಿಗಿಂತ ಕಣ್ಣಿಗೆ ಕಂಡದ್ದು ನಾಟುತ್ತದೆ.

ನಿಮ್ಮ ಹೆಸರೇ ಬಾಲ್ಕನಿ ತೋಟ. ಕನಕಾಂಬರ ಇದೆಯಾ? ಕಾರ್ವಿಯೂ ಕನಕಾಂಬರವೂ ಒಂದೇ ಕುಟುಂಬ. ಆಡುಸೋಗೆ, ಗೋರಟೆ ಕೂಡ ಅದೇ ಮನೆತನದವು. ಚಿಕ್ಕವರಿದ್ದಾಗ ಕನಕಾಂಬರದ ಒಣಗಿದ ತೆನೆಯನ್ನು ನೀರಿಗೆ ಹಾಕಿ ಆಟ ಆಡಿದ್ದೀರಲ್ಲ? ಪಟ್ ಪಟ್ ಅಂತ ಸಿಡಿದು ಬೀಜ ಮುಖಕ್ಕೆ ಹಾರುತ್ತಿತ್ತು. ಕಾರ್ವಿಯ ಕೆಲಸವೂ ಅದೇ. ಒಣಗುವಾಗ ಕಾಯಿಯ ಗೋಡೆಗಳು ಬಿಗಿದುಕೊಂಡಿರುತ್ತವೆ. ನೀರು ತಾಗಿದರೆ ಅಂಚಿನ ಬೆಸುಗೆ ಸಡಿಲವಾಗಿ ಒಂದೇ ಏಟಿಗೆ ಎರಡು ಹೋಳಾಗುತ್ತದೆ. ಒಳಗೆ ಪ್ರತಿ ಬೀಜದ ಕೆಳಗೂ ಒಂದು ಸಣ್ಣ ಕೊಕ್ಕೆ ಇರುತ್ತದೆ. ಅದು ಕವಣೆಯ ಹಾಗೆ ಬೀಜವನ್ನು ದೂರ ಎಸೆಯುತ್ತದೆ. ಗಿಡಕ್ಕೆ ಜೀವ ಇರಬೇಕಾಗಿಲ್ಲ. ಸತ್ತು ಏಳೆಂಟು ತಿಂಗಳಾದ ಮೇಲೂ ಈ ಕೆಲಸ ಆಗುತ್ತದೆ.

ಒಣ ತೆನೆ, ಒಂದು ತಟ್ಟೆ, ಒಂದು ಚಮಚ ನೀರು. ಇಷ್ಟು ಸಾಕು.

ಬಾಲ್ಕನಿ ತೋಟ, ಮಾರ್ಚ್ 24

ಮೇಷ್ಟ್ರೇ, ನಿಮ್ಮ ಕಾಲಿಗೆ ಬಿದ್ದೆ ಅಂದುಕೊಳ್ಳಿ!

ನಿನ್ನೆ ಭಾನುವಾರ ಮೀಟಿಂಗ್ ಇತ್ತು. ಕನಕಾಂಬರದ ನಾಲ್ಕು ಒಣ ತೆನೆ, ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು ಹೋದೆ. ಮೊದಲು ಪುಣೆಯವರು ಹೇಳಿದ ಮಣ್ಣಿನ ಮಾತು. ಆಮೇಲೆ ಗೋವಾ ಅಣ್ಣನ ಬೆಂಕಿ ರೇಖೆ, ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದೆ. ಅಲ್ಲಿಯ ತನಕ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಕೊನೆಗೆ ತಟ್ಟೆಯಲ್ಲಿ ತೆನೆ ಇಟ್ಟು ನೀರು ಹಾಕಿದೆ.

ಮೊದಲು ಏನೂ ಆಗಲಿಲ್ಲ. ನನ್ನ ಎದೆ ಢವ ಢವ. ಆಮೇಲೆ ಒಂದು ಕಾಯಿ ಪಟ್ ಅಂತು. ಹಿಂದೆಯೇ ಎರಡು. ಒಂದು ಬೀಜ ತಟ್ಟೆಗೆ ಟಿಣ್ ಅಂತ ಬಡಿದು ಸೆಕ್ರೆಟರಿಯವರ ಫೈಲಿನ ಮೇಲೆ ಬಿತ್ತು. ಮಕ್ಕಳೆಲ್ಲ ಮೇಜು ಮುತ್ತಿಕೊಂಡರು. ಸೆಕ್ರೆಟರಿಯವರ ತಾಯಿ, 80 ದಾಟಿದವರು, ಹಿಂದಿನ ಕುರ್ಚಿಯಿಂದ ಎದ್ದು ಬಂದು "ಅರೆ, ಹೀ ತರ ಅಬೋಲಿ!" ಅಂದರು. ಮರಾಠಿಯಲ್ಲಿ ಕನಕಾಂಬರಕ್ಕೆ ಅಬೋಲಿ ಅನ್ನುತ್ತಾರೆ. ಅವರ ತವರು ಜುನ್ನರ್ ಕಡೆಯ ಹಳ್ಳಿ. ಅವರ ಮನೆಯ ಗೋಡೆಯೇ ಕಾರ್ವಿ ಕಡ್ಡಿಯದಂತೆ. ಕಡ್ಡಿ ಸಾಲಾಗಿ ಕಟ್ಟಿ, ಮೇಲೆ ಮಣ್ಣು ಸಗಣಿ ಮೆತ್ತುವುದು. ನಮ್ಮ ಕಡೆಯ ತಟ್ಟಿ ಗೋಡೆಯ ಹಾಗೆ. ಅದಕ್ಕೆ ಮರಾಠಿಯಲ್ಲಿ 'ಕೂಡ್' ಅನ್ನುತ್ತಾರಂತೆ. ಮಳೆಗಾಲ ಶುರುವಾದಾಗ ಗುಡ್ಡ ಇಡೀ ಸಿಡಿಯುವುದನ್ನು ಹುಡುಗಿಯಾಗಿದ್ದಾಗ ಕೇಳಿದ್ದೇನೆ ಅಂದರು. ಮಗನ ಕಡೆ ತಿರುಗಿ ಮರಾಠಿಯಲ್ಲಿ ಒಂದೇ ಮಾತು: ಅದನ್ನು ಮುಟ್ಟಬೇಡ.

ಬೆಂಚು ಮುಂದಿನ ಗೇಟಿನ ಹತ್ತಿರ ಹಾಕಲು ಒಪ್ಪಿದರು. ಹಿಂದೆ 15 ಅಡಿ ಪಟ್ಟಿ ಮಾತ್ರ ತೆರವು. ತೆನೆ ಮುರಿದು ಮೇಲೆ ಹರಡುವ ಕೆಲಸಕ್ಕೆ ಎಂಟು ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಐದು ಮಕ್ಕಳು.

ಮುಲುಂಡ್ ಮಹಡಿ ಮನೆ, ಮಾರ್ಚ್ 24

ತುಂಬಾ ಖುಷಿಯಾಯಿತು ಅಕ್ಕ. ನಮ್ಮ ಸೊಸೈಟಿಯಲ್ಲೂ ಪಟ್ಟಿ ಮಾಡಿಸುವ ಮಾತು ಎತ್ತಿದ್ದೇನೆ. ಏಪ್ರಿಲ್, ಮೇ ಎರಡು ತಿಂಗಳು ರಾತ್ರಿ ವಾಚ್‌ಮನ್‌ಗೆ ಹಿಂದಿನ ಕಡೆಯೂ ಒಂದು ಸುತ್ತು ಹಾಕಲು ಹೇಳಿ. ಪೈಪು ಹಿಂದಿನ ಗೋಡೆಯ ತನಕ ಮುಟ್ಟುತ್ತದಾ ಅಂತ ಈಗಲೇ ನೋಡಿಕೊಳ್ಳಿ. ನಮ್ಮದು ಮುಟ್ಟಿರಲಿಲ್ಲ.

ಮೂಡಿಗೆರೆ ಹುಡುಗಿ, ಮಾರ್ಚ್ 25

ತೆನೆ ಮುರಿಯುವಾಗ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಹಲಸಿನ ಹಣ್ಣು ಬಿಡಿಸುವಾಗ ಮಾಡುವ ಹಾಗೆ. ಆ ಅಂಟು ಕೈ ಬಿಡುತ್ತದೆ. ಮಕ್ಕಳನ್ನು ಗೋಡೆಯ ಹತ್ತಿರ ಸಂಜೆ ಹೊತ್ತು ಬಿಡಬೇಡಿ. ಕಾರ್ವಿಯ ಪೊದೆ ಚಿರತೆಗೂ ಮರೆ. ಕೆಲಸ ಬೆಳಗ್ಗೆ ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ.

ಬಾಲ್ಕನಿ ತೋಟ, ಮೇ 28

ಈ ಸಲ ಮಳೆ ಎಷ್ಟು ಬೇಗ ಬಂತು ನೋಡಿ. ಮೇ 26ಕ್ಕೇ ಮುಂಗಾರು ಮುಂಬಯಿ ಮುಟ್ಟಿತು. ಜೂನ್ ಮೊದಲ ವಾರಕ್ಕೆ ಮುಗಿಸುತ್ತೇವೆ ಅಂತ ಗುತ್ತಿಗೆಯವರು ಹೇಳಿದ್ದ ಆ ಕೆಲಸ ಶುರುವಾಗಿದ್ದಿದ್ದರೆ ಈಗ ಅರ್ಧಕ್ಕೇ ನಿಂತು, ಬೋಳು ಇಳಿಜಾರು ಕೆಸರಾಗಿ ಕೆಳಗೆ ಬಂದಿರುತ್ತಿತ್ತು.

ಮೇ ತಿಂಗಳ ಅಡ್ಡಮಳೆಗೇ ಅಲ್ಲೊಂದು ಇಲ್ಲೊಂದು ಸಿಡಿಯುತ್ತಿದ್ದವು. ಮೊನ್ನೆ ಸೋಮವಾರ ಮಾತ್ರ ಬೇರೆಯೇ. ಬೆಳಗ್ಗೆ ಜೋರು ಮಳೆ ಬಂದು ಹತ್ತು ನಿಮಿಷ ಬಿಟ್ಟಿತು. ಗ್ಯಾಸ್ ಆರಿಸಿ ಕಿಟಕಿ ತೆಗೆದೆ. ಒಗ್ಗರಣೆಗೆ ಸಾಸಿವೆ ಹಾಕಿದಾಗ ಬರುತ್ತದಲ್ಲ, ಅದೇ ಸದ್ದು, ಇಡೀ ಇಳಿಜಾರಿನಿಂದ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಶುರು. ಗೋಡೆಯ ಆಚೆ ಕಾಡಿನಿಂದಲೂ ಕೇಳುತ್ತಿತ್ತು. ಸೆಕ್ರೆಟರಿಯವರ ತಾಯಿಗೆ ಫೋನ್ ಮಾಡಿದೆ. ಅವರು ಆಗಲೇ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನಿವೃತ್ತ ಮೇಷ್ಟ್ರು, ಮೇ 28

ಓದಿ ಕಣ್ಣು ತುಂಬಿತು ತಾಯಿ. 70 ವರ್ಷದಲ್ಲಿ ನಾನು ಪುಸ್ತಕದಲ್ಲಿ ಓದಿದ್ದು, ಕನಕಾಂಬರದಲ್ಲಿ ನೋಡಿದ್ದು ಅಷ್ಟೇ. ಗುಡ್ಡದ ಸದ್ದು ಕೇಳಿಲ್ಲ. ಇನ್ನೂ ಸಿಡಿಯುತ್ತಿದ್ದರೆ ಹೇಳಿ, ಮಾಟುಂಗಾದಿಂದ ಲೋಕಲ್ ಹತ್ತಿ ಬರುತ್ತೇನೆ.

ಬಾಲ್ಕನಿ ತೋಟ, ಮೇ 28

ನಾಳೆಯೇ ಬನ್ನಿ ಮೇಷ್ಟ್ರೇ. ಸ್ಟೇಷನ್ನಿಗೆ ನಮ್ಮ ಯಜಮಾನರು ಬರುತ್ತಾರೆ. ಊಟ ನಮ್ಮಲ್ಲೇ.

ಪುಣೆ ಚಾರಣಿಗ, ಜುಲೈ 20

ಸಸಿ ಬಂದವಾ ಅಕ್ಕ?

ಬಾಲ್ಕನಿ ತೋಟ, ಜುಲೈ 21

ಬಂದಿವೆ! ಹಳೆಯ ಕಡ್ಡಿಗಳ ಬುಡದಲ್ಲಿ ಮೆಂತ್ಯ ಬಿತ್ತಿದ ಹಾಗೆ ಒತ್ತೊತ್ತಾಗಿ. ದೊಡ್ಡವು ಒಂದು ಗೇಣು ಇವೆ. ಎಲೆ ಎದುರು ಬದುರು ಜೋಡಿ, ಅಂಚಿನಲ್ಲಿ ಈಗಲೇ ಸಣ್ಣ ಹಲ್ಲು. ಮೇಲಿನಿಂದ ಒಂದು ಹಿಡಿ ಮಣ್ಣೂ ಜಾರಿಲ್ಲ. ತೆರವು ಮಾಡಿದ ಪಟ್ಟಿಯಲ್ಲೂ ಎಷ್ಟೋ ಬೀಜ ಹಾರಿ ಬಂದು ಮೊಳೆತಿವೆ. ಬೆಂಕಿಗಾಗಿ ಅದನ್ನು ಬರಿದಾಗಿ ಇಡಬೇಕು, ಕೀಳಲು ಮನಸ್ಸು ಬರುತ್ತಿಲ್ಲ. ಮಕ್ಕಳು ಅವನ್ನು ಎತ್ತಿ ಮೇಲಿನ ಖಾಲಿ ಜಾಗದಲ್ಲಿ ನೆಡುತ್ತಿದ್ದಾರೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ತಾನು ನೆಟ್ಟದ್ದರ ಪಕ್ಕ ಕಲ್ಲು ಇಟ್ಟು 2032 ಅಂತ ಬರೆದಿದ್ದಾಳೆ. ಪೇಂಟು ಮಳೆಗೆ ಹೋಗುತ್ತದೆ ಅಂತ ಮತ್ತೆ ಮತ್ತೆ ಬಂದು ಬಳಿಯುತ್ತಾಳೆ.